ಗೆದ್ದವರ ಡ್ರೇಕು, ಸೋತವರ ಚಂದಾ

2007ರ ಮಧ್ಯಭಾಗದಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದವರಿಗೆ ಅಲ್ಲಿನ ಶಟ್ರಾತ್ ನಗರದ ಆಕಾಶದಲ್ಲಿ ಅಪರೂಪಕ್ಕೊಮ್ಮೆ ಒಂದು ಹೊಸ ಪ್ರಾಣಿ ಕಾಣತೊಡಗಿತು. ಮೈಗೆ ಲೋಹದ ಕವಚ ತೊಟ್ಟ ಡ್ರೇಕು, ಡ್ರ್ಯಾಗನ್ ಕುಲದ ಕಿರಿಯ. ಅದನ್ನು ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ, ಯಾವ ರಾಕ್ಷಸನನ್ನು ಕೊಂದರೂ ಸಿಗುತ್ತಿರಲಿಲ್ಲ. ಆಟಗಾರರು ಆಟಗಾರರ ಎದುರೇ ಸೆಣಸುವ ಅರೀನಾದಲ್ಲಿ, ಸೀಸನ್ ಮುಗಿಯುವಾಗ ಶ್ರೇಯಾಂಕ ಪಟ್ಟಿಯ ತುದಿಯ ಶೇ 0.5ರೊಳಗೆ ಇದ್ದವರಿಗೆ ಮಾತ್ರ ‘ಗ್ಲ್ಯಾಡಿಯೇಟರ್’ ಎಂಬ ಬಿರುದಿನ ಜೊತೆ ಅದು ದಕ್ಕುತ್ತಿತ್ತು. ಉಳಿದವರು 5000 ಚಿನ್ನದ ನಾಣ್ಯ ಕೂಡಿಟ್ಟು ಅತಿವೇಗದ ಸವಾರಿ ಕಲಿತರೂ ಅವರ ವೇಗ ಶೇ 280ಕ್ಕೆ ನಿಲ್ಲುತ್ತಿತ್ತು. ಈ ಡ್ರೇಕಿನದು ಶೇ 310. ಪಕ್ಕದಲ್ಲೇ ಹಾರುತ್ತಿದ್ದವನು ನೋಡನೋಡುತ್ತ ಮುಂದೆ ಹೋಗಿಬಿಡುವಷ್ಟು, ಹಿಂದೆ ಉಳಿದವನ ಹೊಟ್ಟೆ ಉರಿಯುವಷ್ಟು ವ್ಯತ್ಯಾಸ.

ಆ ಹೊಟ್ಟೆಯುರಿಯಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇತ್ತು. ಆಟ ಆಡುವ ಎಲ್ಲರೂ ತಿಂಗಳಿಗೆ ಸುಮಾರು 15 ಡಾಲರ್ ಚಂದಾ ಕಟ್ಟುತ್ತಾರೆ. ಆ ಹಣದಲ್ಲೇ ಕಂಪನಿಯ ಕಲಾವಿದರು ಡ್ರೇಕಿಗೆ ರೂಪ ಕೊಡುತ್ತಾರೆ. ಹೀಗಿರುವಾಗ ಸಾವಿರಕ್ಕೆ ಐದು ಮಂದಿ ಮಾತ್ರ ಸವಾರಿ ಮಾಡಬಹುದಾದ ಪ್ರಾಣಿಗೆ ಉಳಿದ ಒಂಬೈನೂರ ತೊಂಬತ್ತೈದು ಮಂದಿ ಏಕೆ ದುಡ್ಡು ಕೊಡಬೇಕು? ಇದಕ್ಕೆ ಗೆದ್ದವರ ಉತ್ತರವೂ ಸಿದ್ಧವಿತ್ತು: ಎಲ್ಲರಿಗೂ ಕೊಟ್ಟರೆ ಅದು ಬಹುಮಾನ ಹೇಗಾಗುತ್ತದೆ? ಅಂದಿನಿಂದ ಇಂದಿನವರೆಗೆ ಲೀಗ್ ಆಫ್ ಲೆಜೆಂಡ್ಸ್, ಡೆಸ್ಟಿನಿ, ಬಿಜಿಎಂಐ, ಎಲ್ಲೇ ಹೋಗಿ, ಈ ಜಗಳ ನಡೆದೇ ಇದೆ. (ಹಣ ಪಣಕ್ಕಿಟ್ಟು ಆಡುವ ರಮ್ಮಿ, ಫ್ಯಾಂಟಸಿ ಆಟಗಳ ಮಾತು ಇದಲ್ಲ. ಅವುಗಳ ವಿಚಾರವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಬೇರೆಯೇ ಕಾಯ್ದೆ ಮಾಡಿ ನೋಡಿಕೊಂಡಿದೆ.)

ಮೈಸೂರು ದಸರಾ ಕುಸ್ತಿಯಲ್ಲಿ ‘ದಸರಾ ಕಂಠೀರವ’ ಎನಿಸಿಕೊಂಡವನ ಹೆಗಲಿಗೆ ಗದೆ ಏರಿದಾಗ, ಸೋತ ಪೈಲ್ವಾನರು ತಮಗೂ ಒಂದೊಂದು ಗದೆ ಬೇಕೆಂದು ಸಾಲು ನಿಲ್ಲುವುದಿಲ್ಲ. ಗದೆ ಒಂದೇ ಎಂಬುದಕ್ಕೆ ಯಾರ ತಕರಾರೂ ಇಲ್ಲ. ಏಕೆಂದರೆ ಮುಂದಿನ ವರ್ಷ ಜೋಡಿ ಕಟ್ಟುವ ಹಿರಿಯರು ಸರಿಸಮಾನರನ್ನೇ ನೋಡಿ ಕಟ್ಟುತ್ತಾರೆ, ಮತ್ತು ಕಂಠೀರವ ಆ ಗದೆ ಹಿಡಿದುಕೊಂಡು ಅಖಾಡದ ಮಣ್ಣಿಗೆ ಇಳಿಯುವುದಿಲ್ಲ. ಆನ್‌ಲೈನ್ ಆಟಗಳು ಎಡವಿದ್ದು ಸರಿಯಾಗಿ ಇಲ್ಲೇ. ಅಲ್ಲಿ ಎಷ್ಟೋ ವರ್ಷ ಗೆದ್ದವನು ಗದೆ ಹಿಡಿದೇ ಅಖಾಡಕ್ಕೆ ಬರುತ್ತಿದ್ದ.

ಇದರ ಅತಿರೇಕ ಕಂಡದ್ದು ವಾರ್‌ಕ್ರಾಫ್ಟಿನ ಮೊದಲ ದಿನಗಳಲ್ಲಿ. 2004ರ ನವೆಂಬರಿನಲ್ಲಿ ಬಿಡುಗಡೆಯಾದ ಆಟಕ್ಕೆ ಮರುವರ್ಷ ‘ಆನರ್’ ವ್ಯವಸ್ಥೆ ಬಂತು. ಒಟ್ಟು ಹದಿನಾಲ್ಕು ದರ್ಜೆ, ತುದಿಯಲ್ಲಿ ಒಂದು ಬಣದವರಿಗೆ ‘ಗ್ರ್ಯಾಂಡ್ ಮಾರ್ಷಲ್’, ಇನ್ನೊಂದು ಬಣದವರಿಗೆ ‘ಹೈ ವಾರ್‌ಲಾರ್ಡ್’. ಶತ್ರು ಬಣದವರನ್ನು ಕೊಂದಷ್ಟೂ ಅಂಕ. ಆದರೆ ನೀವೆಷ್ಟು ಗಳಿಸಿದಿರಿ ಎಂಬುದಕ್ಕಿಂತ, ನಿಮ್ಮ ಸರ್ವರಿನಲ್ಲಿ ಆ ವಾರ ಉಳಿದವರು ನಿಮಗಿಂತ ಎಷ್ಟು ಕಡಿಮೆ ಗಳಿಸಿದರು ಎಂಬುದರ ಮೇಲೆ ದರ್ಜೆ ಏರುತ್ತಿತ್ತು. ಒಂದು ವಾರ ಆಡದಿದ್ದರೆ ಸಂಪಾದಿಸಿದ್ದು ಕರಗುತ್ತಿತ್ತು. ಹದಿನಾಲ್ಕನೇ ದರ್ಜೆ ಮುಟ್ಟಬೇಕಾದರೆ ವಾರಗಟ್ಟಲೆ ಸತತವಾಗಿ ಪಟ್ಟಿಯ ತುದಿಯಲ್ಲಿರಬೇಕು. ನಿದ್ದೆ ಮಾಡಿದರೆ ಇನ್ನೊಬ್ಬ ಮುಂದೆ ಹೋಗುತ್ತಾನೆ.

ಆಗ ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಒಂದು ಅಕೌಂಟನ್ನು ಮೂರು ಪಾಳಿಯಲ್ಲಿ ಮೂರು ಜನ ಆಡಿದರು. ಅದು ನಿಯಮಬಾಹಿರ ಎಂಬುದು ಎಲ್ಲರಿಗೂ ಗೊತ್ತಿತ್ತು. ಇನ್ನು ಕೆಲವು ಸರ್ವರುಗಳಲ್ಲಿ ತುದಿಯಲ್ಲಿದ್ದವರು ಕೂತು ಮಾತಾಡಿ ಸರದಿ ಹಾಕಿಕೊಂಡರು: ಈ ಬಾರಿ ನೀನು ಏರು, ಮುಂದೆ ನಾನು, ಯಾರೂ ಇಂತಿಷ್ಟಕ್ಕಿಂತ ಹೆಚ್ಚು ಅಂಕ ಮಾಡಬಾರದು. ಸರದಿ ತಪ್ಪಿಸಿದವನಿಗೆ ಬಹಿಷ್ಕಾರ. ಸ್ಪರ್ಧೆಗೆಂದು ಹುಟ್ಟಿದ ವ್ಯವಸ್ಥೆ ಹೀಗೆ ಚೀಟಿ ವ್ಯವಹಾರಕ್ಕೆ ಬಂದು ನಿಂತಿತು. ಇಷ್ಟೆಲ್ಲ ಪಾಡು ಬರೀ ಬಿರುದಿಗಾಗಿ ಅಲ್ಲ. ಹದಿನಾಲ್ಕನೇ ದರ್ಜೆಯವರಿಗೆ ಸಿಗುತ್ತಿದ್ದ ಆಯುಧಗಳು ಆ ಕಾಲದ ಆಟದಲ್ಲೇ ಅತ್ಯುತ್ತಮವಾದವುಗಳ ಸಾಲಿನಲ್ಲಿದ್ದವು. ಒಮ್ಮೆ ಮೇಲೇರಿದವನು ಆ ಕತ್ತಿ ಹಿಡಿದು ಕೆಳಗಿನವರ ಮೇಲೆ ಬಿದ್ದರೆ ಕೆಳಗಿನವರ ಗತಿ ಮುಗಿಯಿತು. 2006ರ ಡಿಸೆಂಬರಿನಲ್ಲಿ ಕಂಪನಿ ಈ ದರ್ಜೆ ವ್ಯವಸ್ಥೆಯನ್ನೇ ತೆಗೆದುಹಾಕಿತು. ‘ಕ್ಲಾಸಿಕ್’ ಹೆಸರಿನಲ್ಲಿ ಹಳೆಯ ಆಟ 2019ರಲ್ಲಿ ಮರಳಿ ಬಂದಾಗ ಹಳೆಯ ವ್ಯವಸ್ಥೆಯೂ ಬಂತು, ಹಳೆಯ ಸರದಿ ರಾಜಕೀಯವೂ ಬಂತು. ಕೊನೆಗೆ 2023ರಲ್ಲಿ ಅಲ್ಲಿಯೂ ನಿಯಮ ಬದಲಾಯಿತು: ಪಕ್ಕದವನನ್ನು ಹಿಂದಿಕ್ಕುವುದು ಬೇಡ, ವಾರಕ್ಕೆ ನಿಗದಿಯಾದ ಗುರಿ ಮುಟ್ಟಿದರೆ ಸಾಕು.

ಅರೀನಾ ಬಂದದ್ದು 2007ರ ಜನವರಿಯಲ್ಲಿ, ಇದಕ್ಕೆಲ್ಲ ಮದ್ದು ಎಂಬಂತೆ. ಆರಂಭದಲ್ಲಿ ನಿಜಕ್ಕೂ ಉದಾರವಾಗಿಯೇ ಇತ್ತು. ತಂಡ ಕಟ್ಟಿಕೊಂಡು ವಾರಕ್ಕೆ ಹತ್ತು ಆಟ ಆಡಿದರೆ, ಸೋತರೂ ಒಂದಿಷ್ಟು ಅಂಕ ಬರುತ್ತಿತ್ತು. ತಡವಾದರೂ ಒಳ್ಳೆಯ ಕವಚ, ಆಯುಧ ಕೈಗೆ ಬರುತ್ತಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಮೂರನೇ ಸೀಸನ್ ಶುರುವಾದಾಗ ಅಡ್ಡಗೋಡೆ ಎದ್ದಿತು: ಹೊಸ ಆಯುಧಕ್ಕೆ 1850 ರೇಟಿಂಗ್ ಬೇಕು, ಭುಜಕವಚಕ್ಕೆ 2000. ಭುಜಕವಚದ ವಿಷಯ ಬಿಡಿ, ದೂರದಿಂದ ಎದ್ದು ಕಾಣುವ ದೊಡ್ಡ ಭುಜ ಈ ಆಟದಲ್ಲಿ ಅರ್ಧ ಶೋಕಿ. ಆಯುಧ ಹಾಗಲ್ಲ. 1800ರಲ್ಲಿ ಇರುವವನು 1850ಕ್ಕೆ ಏರಬೇಕಾದರೆ, ಈಗಾಗಲೇ 1850ರ ಆಯುಧ ಹಿಡಿದವರನ್ನು ಹಳೆಯ ಆಯುಧದಲ್ಲೇ ಸೋಲಿಸಬೇಕು. ದಾಟಿ ಹೋದವನೇ ದಾಟಿದ ಸೇತುವೆಯನ್ನು ಎತ್ತಿಟ್ಟುಕೊಂಡಂತಾಯಿತು.

ಹದಿಮೂರು ವರ್ಷದ ಮೇಲೆ, 2020ರ ‘ಶ್ಯಾಡೋಲ್ಯಾಂಡ್ಸ್’ ಆವೃತ್ತಿಯಲ್ಲಿ, ಅದೇ ಕಂಪನಿ ಅದನ್ನೇ ಇನ್ನಷ್ಟು ನಾಜೂಕಾಗಿ ಮಾಡಿತು. 1400, 1600, 1800, 2100, ಹೀಗೆ ಒಂದೊಂದು ಮೆಟ್ಟಿಲು ಹತ್ತಿದಂತೆ ಕವಚ, ಆಯುಧಗಳ ಬಲ ಏರಿಸಿಕೊಳ್ಳಬಹುದು. ಹೊಸದಾಗಿ ಬಂದವನು ಎದುರಾಳಿಯ ಕೈಚಳಕಕ್ಕಿಂತ ಮೊದಲು ಅವನ ಆಯುಧ, ಕವಚದ ಎದುರು ಸೋಲುತ್ತಿದ್ದ. ಗೊಣಗಾಟ ಜೋರಾಯಿತು. 2022ರ ಕೊನೆಯ ‘ಡ್ರ್ಯಾಗನ್‌ಫ್ಲೈಟ್’ ಹೊತ್ತಿಗೆ ಕಂಪನಿ ಹಿಂದೆ ಸರಿದು, ಅರೀನಾದೊಳಗೆ ರೇಟಿಂಗ್ ಎಷ್ಟೇ ಇರಲಿ ಆಯುಧ, ಕವಚದ ಬಲ ಒಂದೇ ಇರುವಂತೆ ಮಾಡಿತು. ರೇಟಿಂಗಿಗೆ ಉಳಿದದ್ದು ನೋಟ ಮಾತ್ರ: ಬಿರುದು, ಸವಾರಿಯ ಪ್ರಾಣಿ, ಬೇರೆ ಬಣ್ಣದ ಉಡುಪು. ಡ್ರೇಕಿನ ಆ ಹೆಚ್ಚುವರಿ ವೇಗದ ಕಥೆ 2010ರಲ್ಲೇ ಮುಗಿದಿತ್ತು. ಆ ವರ್ಷ ಬಂದ ‘ಕ್ಯಾಟಕ್ಲಿಸಮ್’ನಲ್ಲಿ 5000 ಚಿನ್ನ ಕೊಟ್ಟರೆ ಯಾರ ಸವಾರಿಯಾದರೂ ಶೇ 310ಕ್ಕೆ ಏರುತ್ತಿತ್ತು.

ನನ್ನ ಮಟ್ಟಿಗೆ ಗೆರೆ ಎಳೆಯಬೇಕಾದದ್ದು ಇಲ್ಲೇ. ಬಲ ಕೊಡುವ ಬಹುಮಾನ ಅನ್ಯಾಯ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ನೋಟದ ಬಹುಮಾನ ಅನ್ಯಾಯವಲ್ಲ, ಚಂದಾ ಎಲ್ಲರೂ ಕಟ್ಟಿದ್ದರೂ ಸರಿಯೇ. ಒಬ್ಬ ಏನು ಸಾಧಿಸಿದ ಎಂದು ಹೇಳುವ ಸಾಕ್ಷಿ ಅದು, ಸಾಕ್ಷಿಯನ್ನು ಹಂಚಿಕೊಡಲು ಬರುವುದಿಲ್ಲ. ಆದರೆ ಸಾಕ್ಷಿಗೆ ಒಂದು ಷರತ್ತು ಇದೆಯಲ್ಲ, ಅದು ನಿಜ ಹೇಳಬೇಕು. ನೋಟದ ಬಹುಮಾನಗಳು ಕೆಡುವುದು ಆ ಷರತ್ತಿನಲ್ಲಿ.

ಮೊದಲನೆಯದು, ದುಡ್ಡು. ಕವಚದ ಡ್ರೇಕಿಗೆ ಬೆಲೆ ಇದೆ ಎಂದು ಗೊತ್ತಾದ ಮೇಲೆ ಅದನ್ನು ಗೆದ್ದುಕೊಡುವವರೂ ಹುಟ್ಟಿಕೊಂಡರು. ಆಟದ ಜಗತ್ತಿನಲ್ಲಿ ಇದಕ್ಕೆ ‘ಬೂಸ್ಟಿಂಗ್’ ಎನ್ನುತ್ತಾರೆ. ನುರಿತವನು ನಿಮ್ಮ ಅಕೌಂಟಿಗೆ ಲಾಗಿನ್ ಆಗಿ ಆಡುತ್ತಾನೆ, ಇಲ್ಲವೇ ನಿಮ್ಮನ್ನು ತಂಡದಲ್ಲಿ ಕೂರಿಸಿಕೊಂಡು ತಾನೇ ಎಳೆದುಕೊಂಡು ಹೋಗುತ್ತಾನೆ. ನೀವು ಕಂಬದ ಹಿಂದೆ ನಿಂತಿದ್ದರೂ ರೇಟಿಂಗ್ ಏರುತ್ತದೆ. ಅನೇಕ ಸರ್ವರುಗಳಲ್ಲಿ ಸಂಘಟಿತವಾಗಿ ಬೂಸ್ಟಿಂಗ್ ಜಾಹೀರಾತು ಕೊಡುತ್ತಿದ್ದ ಗುಂಪುಗಳನ್ನು ವಾರ್‌ಕ್ರಾಫ್ಟಿನ ಬ್ಲಿಜಾರ್ಡ್ ಕಂಪನಿ ನಿಷೇಧಿಸಿದ್ದು 2022ರ ಆರಂಭದಲ್ಲಿ, ಅಂದರೆ ಅರೀನಾ ಶುರುವಾಗಿ ಹದಿನೈದು ವರ್ಷದ ಮೇಲೆ. ದಕ್ಷಿಣ ಕೊರಿಯಾದವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡರು. ಅಲ್ಲಿ 2018ರಲ್ಲಿ ಸಂಸತ್ತೇ ಕಾನೂನು ತಿದ್ದಿತು. ದುಡ್ಡು ತೆಗೆದುಕೊಂಡು ಬೇರೆಯವರ ರ್‍ಯಾಂಕ್ ಏರಿಸಿಕೊಡುವುದನ್ನೇ ದಂಧೆ ಮಾಡಿಕೊಂಡರೆ ಎರಡು ವರ್ಷದವರೆಗೆ ಜೈಲು ಅಥವಾ 2 ಕೋಟಿ ವಾನ್‌ವರೆಗೆ ದಂಡ. ಒಂದು ವಿಡಿಯೊ ಗೇಮಿನ ರ್‍ಯಾಂಕಿಗೆ ಜೈಲೇ ಎಂದು ನಗು ಬರಬಹುದು. ಮಾರ್ಕ್ಸ್ ಕಾರ್ಡ್ ಖೋಟಾ ಮಾಡಿದರೆ ನಾವು ನಗುವುದಿಲ್ಲ. ವೃತ್ತಿಪರ ತಂಡಗಳು ಶ್ರೇಯಾಂಕ ಪಟ್ಟಿ ನೋಡಿ ಹುಡುಗರನ್ನು ಆರಿಸುವ ದೇಶದಲ್ಲಿ ರ್‍ಯಾಂಕು ಮಾರ್ಕ್ಸ್ ಕಾರ್ಡೇ.

ಎರಡನೆಯದು, ಅಳತೆಗೋಲು. ಇವತ್ತಿನ ಬಹುತೇಕ ಆಟಗಳ ರೇಟಿಂಗಿಗೆ ಮೂಲ ಚೆಸ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ಲೆಕ್ಕವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಬಲಶಾಲಿಗೆ ನೂರಕ್ಕೆ ಸುಮಾರು 76 ಅಂಕ ಬರಬೇಕೆಂದು ಆ ಲೆಕ್ಕ ನಿರೀಕ್ಷಿಸುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ರೇಟಿಂಗ್ ಏರುತ್ತದೆ, ಕಡಿಮೆ ಬಂದರೆ ಇಳಿಯುತ್ತದೆ. ಚೆಸ್‌ನವರು ಈ ಏರಿಳಿಯುವ ಸಂಖ್ಯೆಯನ್ನೂ ಶಾಶ್ವತ ಬಿರುದನ್ನೂ ಬೇರೆ ಬೇರೆ ಇಟ್ಟರು. 2500 ರೇಟಿಂಗ್ ಮುಟ್ಟಿ ಮೂರು ನಾರ್ಮ್ (ಟೂರ್ನಿಗಳಲ್ಲಿ ನಿಗದಿತ ಮಟ್ಟದ ಸಾಧನೆ) ಪಡೆದವರು ಗ್ರ್ಯಾಂಡ್‌ಮಾಸ್ಟರ್. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಹಾಗೆ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ, ಅದಕ್ಕಾಗಿ ಬೇರೆ ಯಾರೋ ಪಟ್ಟಿಯಿಂದ ಕೆಳಗೆ ಬೀಳಬೇಕಾಗಿರಲಿಲ್ಲ. ಮುಟ್ಟಿದವರಿಗೆಲ್ಲ ಉಂಟು, ಮುಟ್ಟದವರಿಗೆ ಇಲ್ಲ.

ವಾರ್‌ಕ್ರಾಫ್ಟಿನ ಶೇ 0.5ರ ಲೆಕ್ಕ ಹಾಗಿರಲಿಲ್ಲ. ಅಲ್ಲಿ ಒಟ್ಟು ಎಷ್ಟು ಜನ ಆಡುತ್ತಾರೆ ಎಂಬುದರ ಮೇಲೆ ಗ್ಲ್ಯಾಡಿಯೇಟರುಗಳ ಸಂಖ್ಯೆ ನಿಲ್ಲುತ್ತಿತ್ತು. ಕೆಳಗಿನವರು ಬೇಸತ್ತು ಬಿಟ್ಟುಹೋದರೆ ಮೇಲಿನ ಕುರ್ಚಿಗಳೂ ಕಡಿಮೆಯಾದವು. ನೀವು ಹಿಂದಿನ ಸೀಸನ್ನಿನಷ್ಟೇ ಚೆನ್ನಾಗಿ ಆಡಿಯೂ ಡ್ರೇಕು ತಪ್ಪಬಹುದಿತ್ತು. ಕಡೆಯ ದಿನ ಯಾರಾದರೂ ಒಂದು ಮೆಟ್ಟಿಲು ಮೇಲೆ ಹೋದರೆ ನೀವು ಗೆರೆಯ ಆಚೆಗೆ. 2018ರಿಂದ ಇದನ್ನು ಬಿಟ್ಟು, ಮೂವರ ತಂಡದ ಅರೀನಾದಲ್ಲಿ 2400 ರೇಟಿಂಗ್ ದಾಟಿದ ಮೇಲೆ 50 ಗೆಲುವು ಎಂದು ಗೊತ್ತುಮಾಡಿದರು. ಇದೂ ಪೂರ್ತಿ ಪರಿಹಾರವಲ್ಲ. ವ್ಯವಸ್ಥೆಯೊಳಗೆ ಎಷ್ಟು ಅಂಕ ಹರಿಯಲು ಬಿಡಬೇಕೆಂಬ ನಲ್ಲಿ ಕಂಪನಿಯ ಕೈಯಲ್ಲೇ ಇದೆ, ನಲ್ಲಿ ಬಿಗಿ ಮಾಡಿದ ಸೀಸನ್ನಿನಲ್ಲಿ 2400 ಬೆಟ್ಟವಾಗುತ್ತದೆ. ಆದರೂ ಬೆಟ್ಟ ಕಣ್ಣೆದುರಿಗೆ ಇದೆ, ಎಷ್ಟು ಹತ್ತಬೇಕೆಂದು ಗೊತ್ತಿದೆ.

ಇಷ್ಟು ಹೊತ್ತು ಗೆಲ್ಲುವವರ ಮಾತಾಯಿತು. ಸೋಲುವವರ ಲೆಕ್ಕ ಯಾರೂ ಹಾಕುವುದಿಲ್ಲ, ಒಮ್ಮೆ ಹಾಕಿ ನೋಡೋಣ. ‘ಡೆಸ್ಟಿನಿ 2’ ಆಟದ ‘ಟ್ರಯಲ್ಸ್ ಆಫ್ ಒಸೈರಿಸ್’ ವಾರಾಂತ್ಯದ ಸ್ಪರ್ಧೆ. ಒಂದೂ ಸೋಲದೆ ಏಳು ಗೆದ್ದವರಿಗೆ ‘ಲೈಟ್‌ಹೌಸ್’ಗೆ ಪ್ರವೇಶ, ಅಲ್ಲಿ ವಿಶೇಷ ಬಹುಮಾನ ಎಂಬುದು ಬಹುಕಾಲ ಅದರ ನಿಯಮವಾಗಿತ್ತು. ಎಲ್ಲ ತಂಡಗಳೂ ಸಮಬಲದವು ಎಂದುಕೊಳ್ಳಿ. 128 ತಂಡಗಳು ಶುರು ಮಾಡಿದರೆ ಮೊದಲ ಸುತ್ತಿಗೆ ಸೋಲದವು 64, ಆಮೇಲೆ 32, 16, 8, 4, 2, ಕೊನೆಗೆ ಒಂದು. ಒಂದು ತಂಡ ಲೈಟ್‌ಹೌಸ್ ನೋಡಲು 127 ತಂಡಗಳು ಸೋಲಬೇಕು. ನಿಜದಲ್ಲಿ ಬಲ ಸಮ ಇರುವುದಿಲ್ಲ, ಆದ್ದರಿಂದ ಪ್ರತಿ ವಾರ ಸೋಲುವವರು ಹೆಚ್ಚುಕಡಿಮೆ ಅವರೇ. ತಮಗೆ ಏನೂ ಸಿಗದ ಸ್ಪರ್ಧೆಗೆ ಅವರು ಎಷ್ಟು ವಾರ ಬಂದಾರು? ಅವರು ನಿಂತರೆ ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರು ಈಗ ತಳಕ್ಕೆ ಬಂದರು. ಮುಂದಿನ ವಾರ ಸೋಲು ಅವರ ಪಾಲು. ಹಾಗೆ ಪದರ ಪದರವಾಗಿ ಕೆಳಗಿನಿಂದ ಕರಗುತ್ತ ಬಂದು, ಕಡೆಗೆ ಘಟಾನುಘಟಿಗಳು ಘಟಾನುಘಟಿಗಳ ಎದುರೇ ನಿಲ್ಲಬೇಕಾಗುತ್ತದೆ, ಅವರೂ ಗೊಣಗುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಬಂಜೀ ಕಂಪನಿ ಟ್ರಯಲ್ಸ್ ಅನ್ನು ತಿದ್ದಿತು. ಏಳರ ಸಾಧನೆಗೆ ಲೈಟ್‌ಹೌಸ್ ಹಾಗೇ ಉಳಿಯಿತು. ಸೋತವರಿಗೂ ಆಡಿದಷ್ಟಕ್ಕೆ ಏನಾದರೂ ಕೈಗೆ ಬರುವಂತಾಯಿತು. ಇದನ್ನು ಭಿಕ್ಷೆ ಎಂದು ಮೂಗು ಮುರಿದ ಗಟ್ಟಿ ಆಟಗಾರರೂ ಇದ್ದರು. ತಾವು ಸೋಲಿಸಬೇಕಾದವರು ಬಾರದಿದ್ದರೆ ತಾವು ಗೆಲ್ಲುವುದು ಯಾರನ್ನು ಎಂದು ಅವರು ಕೇಳಿಕೊಂಡಂತೆ ಕಾಣಲಿಲ್ಲ.

ಲೀಗ್ ಆಫ್ ಲೆಜೆಂಡ್ಸ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. 2011ರ ಮೊದಲ ಸೀಸನ್ನಿನಿಂದ ಗೋಲ್ಡ್ ದರ್ಜೆ ಮುಟ್ಟಿದವರಿಗಷ್ಟೇ ‘ವಿಕ್ಟೋರಿಯಸ್’ ಸ್ಕಿನ್, ಅಂದರೆ ಪಾತ್ರಕ್ಕೆ ತೊಡಿಸುವ ವಿಶೇಷ ವೇಷ, ಕೊಡುತ್ತಿದ್ದರು. 2023ರಲ್ಲಿ ಗೋಲ್ಡಿಗಿಂತ ಕೆಳಗಿನವರೂ ಅದನ್ನು ಪಡೆಯುವಂತಾಯಿತು, ಆದರೆ ಹೆಚ್ಚು ಆಡಿ ಸಂಪಾದಿಸಬೇಕಿತ್ತು. ಮೇಲಿನ ದರ್ಜೆಯವರ ಗುರುತಾಗಿ ಆ ಸ್ಕಿನ್ನಿನ ಬೇರೆ ಬೇರೆ ಬಣ್ಣಗಳಿವೆ. ದುಡಿಮೆಗೆ ಸ್ಕಿನ್, ಮಟ್ಟಕ್ಕೆ ಬಣ್ಣ. ನನಗೆ ಇದು ಒಪ್ಪುವ ಏರ್ಪಾಡು.

ನಮ್ಮ ಕಡೆಯ ಹುಡುಗರಿಗೆ ಇದೆಲ್ಲ ದೂರದ ಮಾತು, ಅವರ ಡ್ರೇಕು ಎಂದರೆ ಬಿಜಿಎಂಐನಲ್ಲಿ ಪ್ರೊಫೈಲ್ ಚಿತ್ರದ ಸುತ್ತ ಬರುವ ‘ಕಾಂಕರರ್’ ಫ್ರೇಮು. ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈಯಲ್ಲಿ ಭಾರತಕ್ಕೆಂದು ತಂದ ಈ ಆಟ ಮರುವರ್ಷ ಸರ್ಕಾರದ ಆದೇಶದಿಂದ ಮಾಯವಾಗಿ 2023ರ ಮೇಯಲ್ಲಿ ಮರಳಿತು. ಇಲ್ಲಿ ಕಾಂಕರರ್ ಎಂದರೆ ಶ್ರೇಯಾಂಕ ಪಟ್ಟಿಯ ಮೊದಲ 500. ಇಷ್ಟು ದೊಡ್ಡ ದೇಶಕ್ಕೆ ಐನೂರು. ನಮ್ಮ ಮೇಲಿನ ಮನೆಯ ಡಿಪ್ಲೊಮಾ ಹುಡುಗ ಸೀಸನ್ ಮುಗಿಯುವ ಹೊತ್ತಿಗೆ ರಾತ್ರಿಯೆಲ್ಲ ‘ರ್‍ಯಾಂಕ್ ಪುಶ್’ ಮಾಡುತ್ತಾನೆ. ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಗುಂಡಿನ ಕಾಳಗ ನೋಡೋಣವೆಂದರೆ ಇವನು ಒಂದು ಪಾಳು ಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾನೆ. ಬ್ಯಾಗಿನ ತುಂಬ ಬ್ಯಾಂಡೇಜು, ಫಸ್ಟ್ ಏಡು, ಎನರ್ಜಿ ಡ್ರಿಂಕು. ಹೊರಗೆ ಯಾರೋ ಓಡಾಡುವ ಸದ್ದು.

“ಹೊಡಿಯಲ್ವೇನೋ?” ಎಂದೆ.

“ಬೇಡ ಅಂಕಲ್, ಈಗ ಫೈಟ್ ತಗೊಂಡು ಸತ್ರೆ ಮೈನಸ್ ಬೀಳುತ್ತೆ. ಸುಮ್ನೆ ಟಾಪ್ ಟೆನ್ ಒಳಗೆ ಹೋದ್ರೆ ಪ್ಲಸ್.”

ಕೊಂದದ್ದಕ್ಕಿಂತ ಕೊನೆಯವರೆಗೆ ಉಳಿದದ್ದಕ್ಕೆ ಹೆಚ್ಚು ಅಂಕ ಕೊಡುವ ಲೆಕ್ಕ ಹಾಕಿದರೆ ಬುದ್ಧಿವಂತ ಹುಡುಗ ಬಚ್ಚಲು ಸೇರುತ್ತಾನೆ. ಅವನನ್ನು ದೂರುವಂತಿಲ್ಲ. ಆದರೆ ಆ ಫ್ರೇಮು ಯಾವುದಕ್ಕೆ ಸಾಕ್ಷಿ? ಗುರಿಗಿಂತ ಹೆಚ್ಚಾಗಿ ತಾಳ್ಮೆಗೆ, ಅದಕ್ಕಿಂತ ಹೆಚ್ಚಾಗಿ ಬಿಡುವಿಗೆ. ಹಗಲೆಲ್ಲ ಸ್ಕೂಟರಿನಲ್ಲಿ ಊಟ ತಲುಪಿಸಿ ರಾತ್ರಿ ಒಂದು ಗಂಟೆ ಆಡುವವನು ಎಷ್ಟೇ ಗುರಿಕಾರನಾದರೂ ಆ ಐನೂರರಲ್ಲಿ ಬರಲಾರ. ಜೊತೆಗೆ ಫೋನಿನ ಪ್ರಶ್ನೆ ಬೇರೆ. ಸೆಕೆಂಡಿಗೆ 90 ಫ್ರೇಮ್ ತೋರಿಸುವ ಫೋನಿನವನಿಗೆ ಎದುರಾಳಿ ಮೂಲೆ ತಿರುಗುವುದು ನುಣುಪಾಗಿ ಕಾಣುತ್ತದೆ. ಅಗ್ಗದ ಫೋನಿನವನಿಗೆ ಅದೇ ಹೊತ್ತಿನಲ್ಲಿ ಪರದೆ ತಡವರಿಸುತ್ತದೆ. ಗದೆ ಅಖಾಡಕ್ಕೆ ಬರಬಾರದು ಎಂದರೆ, ಇಲ್ಲಿ ಗದೆಯನ್ನು ಕಂಪನಿ ಕೊಡುವುದೂ ಬೇಡ, ಅಪ್ಪ ಇಎಂಐಯಲ್ಲಿ ಕೊಡಿಸಿರುತ್ತಾನೆ. ಇದನ್ನು ಯಾವ ನಿಯಮವೂ ಪೂರ್ತಿ ಸರಿ ಮಾಡಲಾರದು. ಆದರೆ ಅಗ್ರ ಐನೂರರ ಬದಲು ಇಷ್ಟು ರೇಟಿಂಗ್ ಎಂದು ಗೆರೆ ಹಾಕಿ, ಎಷ್ಟು ಆಟದಲ್ಲಿ ಅಲ್ಲಿಗೆ ಮುಟ್ಟಿದ ಎಂಬುದನ್ನೂ ಫ್ರೇಮಿನ ಮೇಲೆ ತೋರಿಸುವುದು ಕಷ್ಟದ ಕೆಲಸವಲ್ಲ.

ಉಳಿದದ್ದು ಕಾಲದ ಪ್ರಶ್ನೆ. ಒಂದು ಸೀಸನ್ ಮುಗಿದ ಮೇಲೆ ಆ ಬಹುಮಾನ ಮತ್ತೆಂದೂ ಸಿಗದಂತೆ ಬಾಗಿಲು ಹಾಕಬೇಕೆ? ಹಾಕಿದರೆ ಕಂಪನಿಗೆ ಲಾಭ. ಈಗ ಆಡದಿದ್ದರೆ ಕೈತಪ್ಪಿತು ಎಂಬ ಭಯ ಚಂದಾ ಕಟ್ಟಿಸುತ್ತದೆ. 2017ರಲ್ಲಿ ವಾರ್‌ಕ್ರಾಫ್ಟಿನಲ್ಲಿ ‘ಮೇಜ್ ಟವರ್’ ಎಂಬ ಒಂಟಿ ಆಟಗಾರರ ಕಠಿಣ ಪರೀಕ್ಷೆ ಬಂತು, ಗೆದ್ದವರ ಆಯುಧಕ್ಕೆ ವಿಶೇಷ ರೂಪ. 2018ರಲ್ಲಿ ಗೋಪುರದ ಬಾಗಿಲು ಮುಚ್ಚಿತು. ಆಮೇಲೆ ಬಂದವನು ಎಷ್ಟು ಚತುರನಾದರೂ ಆ ರೂಪ ಅವನಿಗಿಲ್ಲ. ಹಾಗೆ ಮುಚ್ಚಿದ ಬಾಗಿಲು ಚಾತುರ್ಯಕ್ಕಿಂತ ಹೆಚ್ಚಾಗಿ ಹುಟ್ಟಿದ ಇಸವಿಯನ್ನು ಅಳೆಯುತ್ತದೆ, 2018ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ ಏನು ಮಾಡಬೇಕಿತ್ತು? 2021ರ ಡಿಸೆಂಬರಿನಲ್ಲಿ ಗೋಪುರ ಮತ್ತೆ ತೆರೆಯಿತು. ಹಳೆಯ ಆಯುಧಗಳ ರೂಪ ಹಳಬರಿಗೇ ಉಳಿಯಿತು, ಹೊಸದಾಗಿ ಗೆದ್ದವರಿಗೆ ಬೇರೆ ಬಣ್ಣದ ಉಡುಪು. ಹಳಬರ ಮಾನವೂ ಹೋಗಲಿಲ್ಲ, ಹೊಸಬರಿಗೆ ಪರೀಕ್ಷೆ ಸುಲಭವೂ ಆಗಲಿಲ್ಲ. ಅರೀನಾದಲ್ಲೂ ಇದನ್ನೇ ಮಾಡಬಹುದು: ಕಳೆದ ಸೀಸನ್ನಿನ ಉಡುಪು ಬೇಕೆನ್ನುವವನು ಈ ಸೀಸನ್ನಿನಲ್ಲಿ ಅದೇ ರೇಟಿಂಗ್ ಮುಟ್ಟಲಿ, ಉಡುಪಿನ ಅಂಚಿಗೆ ಬೇರೆ ಬಣ್ಣ ಬಳಿದು ಕೊಡಿ. ಕವಚದ ಮೊದಲ ಡ್ರೇಕು ಮಾತ್ರ 2007ರವರ ಬಳಿಯೇ ಇರಲಿ. ಅದಕ್ಕೆ ನನ್ನ ತಕರಾರಿಲ್ಲ, ಈಗ ಎಲ್ಲರ ಸವಾರಿಯೂ ಅದರಷ್ಟೇ ವೇಗವಾಗಿ ಹಾರುತ್ತದೆ.